ಕಿವಿಗೆ ಕೇಳುವ ತೇವ

ಕಾರ್ತಿಕದ ಒಂದು ಬೆಳಗ್ಗೆ ಬರಗೂರಿನ ಹೊರಗಿನ ಕೆಂಪು ಹೊಲವೊಂದರಲ್ಲಿ ನಿಂತಿದ್ದೆ. ಹೊಲದ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಕಿತ್ತು ಗುಡ್ಡೆ ಹಾಕಿದ್ದ ಗಿಡಗಳಿಂದ ಒಂದು ಕಡ್ಲೆಕಾಯಿ ಮುರಿದು, ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಏನೂ ಕೇಳಿಸಲಿಲ್ಲ. "ಇನ್ನೂ ಎಲ್ಡು ದಿನದ ಬಿಸ್ಲು ಬೇಕು ಕಣಪ್ಪ" ಅಂದರು. ಆಮೇಲೆ ನಾಲ್ಕು ದಿನ ಮೊದಲೇ ಕಿತ್ತಿದ್ದ ಇನ್ನೊಂದು ಗುಡ್ಡೆಯ ಕಾಯಿ ತಂದು ಅಲ್ಲಾಡಿಸಿದರು. ಗಲಗಲ. ಒಳಗಿನ ಬೀಜಗಳು ಸಿಪ್ಪೆಗೆ ಬಡಿಯುತ್ತಿದ್ದವು.

ಪ್ರಯೋಗಾಲಯದಲ್ಲಿ ಇದೇ ಪರೀಕ್ಷೆಗೆ ತಕ್ಕಡಿ, ಬಿಸಿಗಾಳಿಯ ಪೆಟ್ಟಿಗೆ, ಹಲವು ಗಂಟೆಯ ಹೊತ್ತು ಬೇಕು. ಅವರಿಗೆ ಕಿವಿ ಸಾಕು. ಬೀಜದಲ್ಲಿ ನೀರು ತುಂಬಿರುವಾಗ ಅದು ಸಿಪ್ಪೆಯ ಒಳಗೋಡೆಗೆ ಅಂಟಿಕೊಂಡು ಕೂತಿರುತ್ತದೆ. ನೀರು ಹೋದಂತೆ ಕುಗ್ಗುತ್ತದೆ, ಗೋಡೆ ಬಿಡುತ್ತದೆ, ಸದ್ದು ಹುಟ್ಟುತ್ತದೆ. ಆ ಸದ್ದಿಗೂ ಬೆಂಗಳೂರಿನ ಸೂಪರ್‌ಮಾರ್ಕೆಟ್ಟಿನಲ್ಲಿ ಕೊಕ್ಕೆಗೆ ನೇತುಹಾಕಿದ ಹುರಿದ ಕಡ್ಲೆಬೀಜದ ಪೊಟ್ಟಣಕ್ಕೂ ಇರುವ ನಂಟೇ ಈ ಅಧ್ಯಾಯ.

ಹೊಲದಿಂದ ಕಪಾಟಿಗೆ ಆಹಾರ ಬರುವ ದಾರಿ ಎಂದರೆ ನಮಗೆ ಲಾರಿ, ಗೋದಾಮು, ಮಂಡಿ, ದಲ್ಲಾಳಿ ನೆನಪಾಗುತ್ತವೆ. ಅವೆಲ್ಲ ಇವೆ. ಆದರೆ ಕಡ್ಲೆಕಾಯಿಯ ಜೊತೆ ಒಂದಷ್ಟು ದೂರ ನಡೆದ ಮೇಲೆ ನನಗೆ ಇದು ಪೂರ್ತಿ ನೀರಿನ ವ್ಯವಹಾರ ಅನ್ನಿಸಿದೆ. ನೆಲದಲ್ಲಿರುವ ತನಕ ನೀರಿಗಾಗಿ ಕಾಯುವುದು, ನೆಲ ಬಿಟ್ಟ ಗಳಿಗೆಯಿಂದ ನೀರನ್ನು ಅಟ್ಟುವುದು. ಬರಗೂರಿನಂಥ ಊರು ಇದನ್ನು ಹೇಳಲು ಸರಿಯಾದ ಜಾಗ. ಹೆಸರನ್ನು ಕೂಗಿದರೆ ಕಿವಿಗೆ ಎರಡು ಮಾತು ಬೀಳುತ್ತವೆ: ಬರ ಮತ್ತು ಬರಗು. ಒಂದು ಈ ಸೀಮೆಯ ಹಣೆಬರಹ, ಇನ್ನೊಂದು ಆ ಹಣೆಬರಹಕ್ಕೆ ಒಗ್ಗಿಕೊಂಡಿದ್ದ ಕಿರುಧಾನ್ಯ. ಶಿರಾ, ಮಧುಗಿರಿ, ಪಾವಗಡದ ಕಡೆ ವರ್ಷವೆಲ್ಲ ಸೇರಿ 600 ಮಿಲಿಮೀಟರ್ ಆಸುಪಾಸು ಮಳೆ. ಅದೂ ಬೇಕಾದಾಗಲ್ಲ, ಬಂದಾಗ.

ಕಡ್ಲೆಕಾಯಿ ಹುಟ್ಟಾ ದಕ್ಷಿಣ ಅಮೆರಿಕದ್ದು. ಈಗಿನ ಬೊಲಿವಿಯಾ, ಉತ್ತರ ಅರ್ಜೆಂಟೀನಾದ ಕಡೆ ಎರಡು ಕಾಡುಜಾತಿಗಳು ಬೆರೆತು ಹುಟ್ಟಿದ ಗಿಡ. ಅದರ ವಿಚಿತ್ರವೆಂದರೆ, ಹೂವು ಬೆಳಕಿನಲ್ಲಿ ಬಿಡುತ್ತದೆ, ಕಾಯಿ ಕತ್ತಲಲ್ಲಿ ಕಟ್ಟುತ್ತದೆ. ಹಳದಿ ಹೂವು ಬೆಳಗಿನ ಜಾವ ಅರಳಿ ಅವತ್ತೇ ಬಾಡುತ್ತದೆ. ಕೆಲ ದಿನಗಳಲ್ಲಿ ಅದರ ಬುಡದಿಂದ ಸೂಜಿಯಂಥ ಒಂದು ಮೊಳೆ ಹೊರಟು, ಭೂಮಿಯ ಸೆಳೆತ ಹಿಡಿದು ಕೆಳಗಿಳಿದು, ಮಣ್ಣಿನೊಳಕ್ಕೆ ಹೊಗುತ್ತದೆ. ತುದಿಗೆ ಕತ್ತಲೂ ಮಣ್ಣಿನ ಒತ್ತೂ ಸಿಕ್ಕ ಮೇಲೆಯೇ ಅದು ಅಡ್ಡ ತಿರುಗಿ ಕಾಯಾಗುತ್ತದೆ. ಗಾಳಿಯಲ್ಲೇ ಉಳಿದ ಮೊಳೆ ಒಣಗುತ್ತದೆ. ಬಿರುಬಿಸಿಲಿಗೆ ನೆಲ ಹೆಂಚಿನಂತೆ ಗಟ್ಟಿಯಾಗಿದ್ದರೆ ಸೂಜಿ ಒಳಗಿಳಿಯುವುದೇ ಇಲ್ಲ.

ಇಳಿದರೂ ಮುಗಿಯಲಿಲ್ಲ. ಬೀಜ ತುಂಬಲು ಸುಣ್ಣದಂಶ ಬೇಕು. ಬೇರು ಹೀರಿದ ಕ್ಯಾಲ್ಸಿಯಂ ಮೇಲೆ ಎಲೆಗೆ ಹೋಗುತ್ತದೆಯೇ ಹೊರತು ಮತ್ತೆ ಕೆಳಗಿಳಿದು ಕಾಯಿಗೆ ಬರುವುದಿಲ್ಲ. ಹಾಗಾಗಿ ಕಾಯಿ ತನ್ನ ಸಿಪ್ಪೆಯ ಮೂಲಕ ತಾನೇ ಸುತ್ತಲಿನ ಮಣ್ಣಿನಿಂದ ಹೀರಿಕೊಳ್ಳಬೇಕು. ಹೂ ಬಿಡುವ ಹೊತ್ತಿಗೆ ಗಿಡದ ಬುಡಕ್ಕೆ ಜಿಪ್ಸಂ ಹಾಕಿ ಮಣ್ಣು ಏರಿಸುವುದು ಇದಕ್ಕೇ. ಹೀರಲು ಮಣ್ಣಿನಲ್ಲಿ ತೇವ ಇರಬೇಕು. ಇಲ್ಲದಿದ್ದರೆ ನೋಡಲು ದುಂಡಗಿನ ಕಾಯಿ, ಒಡೆದರೆ ಜೊಳ್ಳು.

ನೂರು, ನೂರಹತ್ತು ದಿನಕ್ಕೆ ಬೆಳೆ ಕೈಗೆ ಬರುತ್ತದೆ. ಆಗ ರೈತ ಮತ್ತೊಂದು ಹದ ಮಳೆಗೆ ಮುಗಿಲು ನೋಡುತ್ತಾನೆ. ನೆಲ ಒಣಗಿದ್ದರೆ ಗಿಡ ಕಿತ್ತಾಗ ಕಾಯೆಲ್ಲ ಮಣ್ಣಿನಲ್ಲೇ ಉಳಿಯುತ್ತವೆ. ಉಳಿದದ್ದನ್ನು ಹಕ್ಕಲಾಯಲು ಬರುವ ಹೆಂಗಸರು ಮಕ್ಕಳ ಪಾಲಿಗೆ ಅದು ಹಬ್ಬ. ಆದರೆ ಮಳೆ ಒಂದು ಹದಕ್ಕೆ ನಿಲ್ಲದೆ ನಾಲ್ಕು ದಿನ ಹಿಡಿದರೆ ಬೇರೆ ಫಜೀತಿ. ಈ ಸೀಮೆಯಲ್ಲಿ ದಶಕಗಳ ಕಾಲ ಆಳಿದ್ದು ಟಿಎಂವಿ-2 ಎಂಬ ತಳಿ. ತಮಿಳುನಾಡಿನ ತಿಂಡಿವನಂನಲ್ಲಿ ಆಯ್ಕೆಯಾಗಿ 1940ರಲ್ಲಿ ಹೊರಬಂದದ್ದು. ಗೊಂಚಲಾಗಿ ಬಿಡುವ ಈ ತಳಿಯ ಬೀಜಕ್ಕೆ ನಿದ್ದೆಯೇ ಇಲ್ಲ. ಬಲಿತ ಮೇಲೆ ನೀರು ತಾಕಿದರೆ ಹೊಲದಲ್ಲೇ ಮೊಳೆಯುತ್ತದೆ. ಬೇಗ ಬೆಳೆಯುತ್ತದೆ, ಬರ ತಡೆಯುತ್ತದೆ ಎಂದು ಮೆಚ್ಚಿಕೊಂಡ ತಳಿಯ ಕುಂದು ಇದು.

ಕಿತ್ತ ಹೊಸತರಲ್ಲಿ ಕಾಯಿಯ ತೂಕದ ಶೇ. 40ರಷ್ಟು ಬರೀ ನೀರು. ಕಪಾಟಿನ ದಾರಿ ಹಿಡಿಯಬೇಕಾದರೆ ಅದು ಶೇ. 8ಕ್ಕೆ ಇಳಿಯಬೇಕು. ಲೆಕ್ಕ ಹಾಕಿದರೆ ಒಂದು ಕ್ವಿಂಟಲ್ ಹಸಿ ಕಾಯಿಯಿಂದ ಹತ್ತಿರ ಹತ್ತಿರ 35 ಲೀಟರ್ ನೀರು ಗಾಳಿಗೆ ಹೋಗಬೇಕು. ಸೌದೆ ಬೇಡ, ಕರೆಂಟು ಬೇಡ; ಗಿಡವನ್ನು ಬುಡಮೇಲು ಮಾಡಿ ಕಾಯಿ ಮೇಲಕ್ಕೆ ಬರುವಂತೆ ಇಟ್ಟರೆ ಬಿಸಿಲೂ ಗಾಳಿಯೂ ಆ ಕೆಲಸ ಮಾಡುತ್ತವೆ.

ರಾಗಿಯನ್ನು ಶೇ. 12ರ ತೇವದಲ್ಲಿ ಇಟ್ಟರೂ ಕೆಡುವುದಿಲ್ಲ. ಹಾಗಿದ್ದರೆ ಕಡ್ಲೆಕಾಯಿಗೆ ಯಾಕೆ 8? ಉತ್ತರ ಎಣ್ಣೆಯಲ್ಲಿದೆ. ಬೀಜದ ಅರ್ಧದಷ್ಟು ಎಣ್ಣೆ, ಎಣ್ಣೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ಇರುವ ನೀರೆಲ್ಲ ಉಳಿದರ್ಧದಲ್ಲಿ ಇಕ್ಕಟ್ಟಾಗಿ ಕೂರಬೇಕು. ತಕ್ಕಡಿಗೆ ಶೇ. 8 ಎಂದು ಕಂಡದ್ದು ಬೂಷ್ಟಿನ ಕಣ್ಣಿಗೆ ಶೇ. 16. ಆಹಾರ ಕೆಡುವುದು ಅದರಲ್ಲಿ ಎಷ್ಟು ನೀರಿದೆ ಎಂಬುದರಿಂದಲ್ಲ, ಎಷ್ಟು ನೀರು ಬಿಡುವಾಗಿದೆ ಎಂಬುದರಿಂದ. 1950ರ ದಶಕದಲ್ಲಿ ಆಸ್ಟ್ರೇಲಿಯಾದ ಸೂಕ್ಷ್ಮಜೀವಿ ವಿಜ್ಞಾನಿ ಡಬ್ಲ್ಯು. ಜೆ. ಸ್ಕಾಟ್ ಇದನ್ನು ಖಚಿತವಾಗಿ ಅಳೆದು ತೋರಿಸಿದರು. ಅಚ್ಚ ನೀರಿಗೆ 1 ಎಂಬ ಅಂಕ, ಪೂರ್ತಿ ಒಣಗಿದ್ದಕ್ಕೆ 0. ಅಜ್ಜಿಯ ಉಪ್ಪಿನಕಾಯಿ ಜಾಡಿಯಲ್ಲಿ ನೀರೇನು ಕಡಿಮೆಯೇ? ಆದರೆ ಉಪ್ಪು ಅದನ್ನು ಕಟ್ಟಿಹಾಕಿರುತ್ತದೆ. ಬೂಷ್ಟಿಗೆ ಕುಡಿಯಲು ಸಿಗುವುದಿಲ್ಲ. ಈ ಅಂಕ 0.7ಕ್ಕಿಂತ ಕೆಳಗಿದ್ದರೆ ಕಡ್ಲೆಬೀಜ ನೆಮ್ಮದಿಯಾಗಿರುತ್ತದೆ.

ಮೇಲಿದ್ದರೆ ಏನಾಗುತ್ತದೆ ಎಂಬುದು ಜಗತ್ತಿಗೆ ತಿಳಿದದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾಯಿಲೆಗೆ ಹೆಸರು ಸಿಗದೆ 'ಟರ್ಕಿ ಎಕ್ಸ್' ಎಂದರು. ಕೊನೆಗೆ ಜಾಡು ಹೋಗಿ ನಿಂತದ್ದು ಮೇವಿನಲ್ಲಿದ್ದ ಬ್ರೆಜಿಲ್‌ನ ಕಡಲೆಕಾಯಿ ಹಿಂಡಿಯಲ್ಲಿ. ಅದರಲ್ಲಿ ಬೆಳೆದಿದ್ದ ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್. ಅದರ ಹೆಸರಿನ ತುಣುಕುಗಳನ್ನೇ ಜೋಡಿಸಿ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಕರೆದರು. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಿಷ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ಇದೇ ವಿಷದಿಂದ.

ನಮ್ಮ ಮೈಸೂರಿಗೂ ಇದರ ಏಟು ಬಿತ್ತು. 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಬಡ ಮಕ್ಕಳ ಪ್ರೋಟೀನ್ ಕೊರತೆಗೆ ಕಡ್ಲೆಕಾಯಿಯಲ್ಲಿ ಪರಿಹಾರ ಹುಡುಕಿತ್ತು. ಎಣ್ಣೆ ತೆಗೆದ ಕಡ್ಲೆಕಾಯಿ ಹಿಟ್ಟಿನ ಮುಕ್ಕಾಲು ಪಾಲಿಗೆ ಹುರಿಗಡಲೆ ಹಿಟ್ಟಿನ ಕಾಲು ಪಾಲು ಬೆರೆಸಿದ ಬಹೂಪಯೋಗಿ ಆಹಾರ, ಮುಂದೆ ಹಾಲಿಗೆ ಕಡ್ಲೆಕಾಯಿ ಪ್ರೋಟೀನ್ ಬೆರೆಸಿದ ಮಿಲ್ಟೋನ್, ಎಲ್ಲವೂ ಅದೇ ಆಸೆಯ ಕೂಸುಗಳು. ಅಫ್ಲಾಟಾಕ್ಸಿನ್ ಗೊತ್ತಾದ ಮೇಲೆ ಅಂಥ ಪ್ರತಿ ಯೋಜನೆಯ ಎದುರೂ ಒಂದು ಪ್ರಶ್ನೆ ನಿಂತಿತು: ಈ ಹಿಂಡಿಗೆ ಬಂದ ಬೀಜ ಎಷ್ಟು ಒಣಗಿತ್ತು?

ಇನ್ನು ಬರಗೂರಿನ ಮಟ್ಟಿಗೆ ಕಹಿಯಾದ ಮಾತು. ಬೂಷ್ಟು ಎಂದರೆ ಮಳೆಗಾಲದ ಪೀಡೆ ಎಂದುಕೊಳ್ಳುತ್ತೇವೆ. ಆದರೆ ಈ ಬೂಷ್ಟು ಬರಗಾಲದ ಗಿರಾಕಿ. ಅಮೆರಿಕದ ಜಾರ್ಜಿಯಾದ ಡಾಸನ್ ಎಂಬಲ್ಲಿನ ಕಡಲೆಕಾಯಿ ಸಂಶೋಧನಾಲಯದವರು 1980ರ ದಶಕದಲ್ಲಿ ಮಡಿಗಳಿಗೆ ಮಳೆ ಬೀಳದಂತೆ ಮಾಡು ಹಾಕಿ, ಮಣ್ಣಿನ ಬಿಸಿಯನ್ನು ಬೇಕಾದಂತೆ ಏರಿಸಿ ಇಳಿಸಿ ನೋಡಿದರು. ಕೊನೆಯ ನಾಲ್ಕಾರು ವಾರ ಮಳೆ ಕೈಕೊಟ್ಟು, ಕಾಯಿಯ ಸುತ್ತಲಿನ ಮಣ್ಣು 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿಯಾದಾಗಲೇ ಬೂಷ್ಟು ನೆಲದೊಳಗೆ ಕಾಯಿಗೆ ನುಗ್ಗುತ್ತಿತ್ತು. ಕಾರಣವೂ ಸೊಗಸಾಗಿದೆ. ಹಸಿ ಬೀಜ ಬದುಕಿರುವ ಜೀವ. ಬೂಷ್ಟು ಮುಟ್ಟಿದರೆ ತನ್ನದೇ ಮದ್ದು ತಯಾರಿಸಿ ಹೊಡೆಯುತ್ತದೆ. ಕೆಂಪು ದ್ರಾಕ್ಷಿಯಲ್ಲಿದೆ ಎಂದು ಜನ ಕೊಂಡಾಡುವ ರೆಸ್ವೆರಟ್ರಾಲ್ ಆ ಮದ್ದಿನ ಬಳಗದ್ದೇ. ಆದರೆ ಬೀಜ ಒಣಗುತ್ತ ಆ ನೀರಿನ ಅಂಕ 0.95ಕ್ಕೆ ಇಳಿದರೆ ಮದ್ದಿನ ಕಾರ್ಖಾನೆ ನಿಂತುಹೋಗುತ್ತದೆ. ಬೂಷ್ಟಾದರೋ 0.85ರ ತನಕ ಆರಾಮಾಗಿ ವಿಷ ಮಾಡುತ್ತದೆ. ಕಾವಲುಗಾರ ಮಲಗಿದ್ದಾನೆ, ಕಳ್ಳ ಎದ್ದಿದ್ದಾನೆ. ಆ ಹೊತ್ತನ್ನು ಎಷ್ಟು ಬೇಗ ದಾಟಿದರೆ ಅಷ್ಟು ಒಳ್ಳೆಯದು. ಕಿತ್ತ ಗಿಡವನ್ನು ಸರಿಯಾಗಿ ಒಣಗಿಸುವುದು ಎಂದರೆ ಇದೇ ದಾಟುವಿಕೆ. ಹಸಿಯಾಗಿದ್ದಾಗಲೇ ಅವಸರಕ್ಕೆ ಬಣವೆ ಒಟ್ಟಿದರೆ ಬಣವೆಯ ಹೊಟ್ಟೆಯಲ್ಲಿ ಆ ಹೊತ್ತು ವಾರಗಟ್ಟಲೆ ನಿಂತೇ ಇರುತ್ತದೆ.

ಯಜಮಾನರಿಗೆ ಅಫ್ಲಾಟಾಕ್ಸಿನ್ ಎಂಬ ಹೆಸರು ಗೊತ್ತಿರಲಿಲ್ಲ. ಕಹಿ ಬೀಜ ಬಾಯಿಗೆ ಸಿಕ್ಕರೆ ಉಗಿಯಬೇಕು, ನುಂಗಬಾರದು ಎಂದು ಅವರ ತಾಯಿ ಹೇಳುತ್ತಿದ್ದರಂತೆ.

ಮೂಟೆ ಮಂಡಿಗೆ ಬಂದ ಮೇಲೆ ನೀರು ಹಣವಾಗುತ್ತದೆ. ನೂರು ಕ್ವಿಂಟಲಿನಲ್ಲಿ ಒಂದು ಶೇಕಡಾ ಹೆಚ್ಚು ತೇವ ಎಂದರೆ ಒಂದು ಕ್ವಿಂಟಲ್ ನೀರನ್ನು ಬೀಜದ ಬೆಲೆಗೆ ಮಾರಿದಂತೆ. ಕೊಳ್ಳುವವನಿಗೆ ಇದು ಗೊತ್ತು. ಮುಷ್ಟಿ ತೆಗೆದು ಸುಲಿದು ನೋಡಿ, ಹಲ್ಲಿನಲ್ಲಿ ಕಚ್ಚಿ, ಬೆಲೆ ಇಳಿಸುತ್ತಾನೆ. ಮಾರುವವನಿಗೂ ಗೊತ್ತು, ಅತಿಯಾಗಿ ಒಣಗಿಸಿದರೆ ತೂಕ ನಷ್ಟ, ಅದಕ್ಕೆ ಬೆಲೆ ಕೊಡುವವರಿಲ್ಲ. ಒಳ್ಳೆಯದಾಗಿ ಒಣಗಿಸಿದವನಿಗೆ ಲಾಭ ಇಲ್ಲದ ಮಾರುಕಟ್ಟೆಯಲ್ಲಿ ಒಣಗಿಸಿ ಎಂದು ಭಾಷಣ ಮಾಡಿ ಏನು ಬಂತು?

ಮುಂದಿನ ಹಂತದಲ್ಲಿ ಇನ್ನೂ ತಮಾಷೆ. ಕಾಯಿ ಒಡೆಯುವ ಮಿಷನ್ನಿಗೆ ಚೆನ್ನಾಗಿ ಒಣಗಿದ ಕಾಯಿ ಹಾಕಿದರೆ ಬೀಜ ಹೋಳಾಗುತ್ತದೆ. ಇಡೀ ಬೀಜಕ್ಕೆ ಬೆಲೆ, ಹೋಳಿಗೆ ಇಲ್ಲ. ಅದಕ್ಕೆ ಎಷ್ಟೋ ಕಡೆ ಒಡೆಯುವ ಮುಂಚೆ ಕಾಯಿಗೆ ನೀರು ಚಿಮುಕಿಸುತ್ತಾರೆ. ರೈತ ದಿನಗಟ್ಟಲೆ ಬಿಸಿಲಲ್ಲಿ ಕಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ವಾಪಸು ತರುತ್ತಾರೆ. ಸುಲಿದ ಬೀಜವನ್ನು ಮತ್ತೆ ಒಣಗಿಸದೆ ಚೀಲಕ್ಕೆ ತುಂಬಿದರೆ ಬೂಷ್ಟಿಗೆ ಎರಡನೇ ಅವಕಾಶ. ಇಡೀ ದಾರಿಯಲ್ಲಿ ನನ್ನನ್ನು ಹೆಚ್ಚು ಕೆರಳಿಸಿದ ಜಾಗ ಇದು.

ಕೆಟ್ಟದ್ದನ್ನು ಆರಿಸಿ ತೆಗೆಯಬಹುದಲ್ಲ ಎನ್ನಬಹುದು. ತೆಗೆಯುತ್ತಾರೆ. ಜರಡಿ, ಗಾಳಿ, ಹೆಂಗಸರ ಕೈ, ಈಗ ಬಣ್ಣ ನೋಡಿ ಬೀಜವನ್ನು ಗಾಳಿಯ ಊದಿನಿಂದ ಹಾರಿಸುವ ಯಂತ್ರ. ಕಷ್ಟ ಏನೆಂದರೆ ಈ ವಿಷ ಎಲ್ಲ ಬೀಜಕ್ಕೂ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಬೀಜಗಳಲ್ಲಿ ಎಲ್ಲೋ ಒಂದರಲ್ಲಿ ಇರುತ್ತದೆ, ಇದ್ದರೆ ವಿಪರೀತ ಇರುತ್ತದೆ. ಒಂದೊಂದು ಬೀಜದಲ್ಲಿ ಕಿಲೊಗೆ ಹತ್ತು ಲಕ್ಷ ಮೈಕ್ರೋಗ್ರಾಂ ಲೆಕ್ಕದಷ್ಟು ಸಿಕ್ಕಿದ್ದುಂಟು. ಅಂತರರಾಷ್ಟ್ರೀಯ ಆಹಾರ ಸಂಹಿತೆ ಕೋಡೆಕ್ಸ್ ಸಂಸ್ಕರಣೆಗೆ ಹೋಗುವ ಕಡ್ಲೆಕಾಯಿಗೆ ಹಾಕಿದ ಮೇರೆ ಕಿಲೊಗೆ 15 ಮೈಕ್ರೋಗ್ರಾಂ. ಟಿಎಂವಿ-2ರ ಒಂದು ಬೀಜದ ತೂಕ ಗ್ರಾಂನ ಮೂರನೇ ಒಂದು ಪಾಲು ಎಂದಿಟ್ಟುಕೊಳ್ಳಿ. ಅಂಥ ಒಂದೇ ಬೀಜ 20 ಕಿಲೊ ಒಳ್ಳೆಯ ಬೀಜವನ್ನು ಮೇರೆ ದಾಟಿಸಬಲ್ಲದು. ನೇರ ತಿನ್ನುವ ಕಡ್ಲೆಬೀಜಕ್ಕೆ ಐರೋಪ್ಯ ಒಕ್ಕೂಟ ಹಾಕಿದ ಮೇರೆ ಬರೀ 4. ಇಲ್ಲಿ ಮಾದರಿ ತೆಗೆಯುವುದೇ ಒಂದು ಜೂಜು. ಒಂದು ಮುಷ್ಟಿ ಪರೀಕ್ಷಿಸಿ ಇಡೀ ಲಾರಿಗೆ ಸರ್ಟಿಫಿಕೇಟ್ ಕೊಟ್ಟರೆ ಅದಕ್ಕೆ ಅರ್ಥವಿಲ್ಲ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಎಣ್ಣೆಗೆ. ಪಕ್ಕದ ಚಳ್ಳಕೆರೆಗೆ ಅದರ ಎಣ್ಣೆ ಮಿಲ್ಲುಗಳಿಂದಾಗಿ 'ಎರಡನೇ ಮುಂಬೈ' ಎಂಬ ಹೆಸರೇ ಬಂದಿತ್ತು. ಒಂದು ಕ್ವಿಂಟಲ್ ಕಾಯಿ ಸುಲಿದರೆ 70 ಕಿಲೊ ಬೀಜ. ಅದನ್ನು ಹಿಂಡಿದರೆ 30 ಲೀಟರ್ ಆಸುಪಾಸು ಎಣ್ಣೆ, 40 ಕಿಲೊ ಹಿಂಡಿ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ. ಹಿಂಡಿ ಮಾರಿದ ದುಡ್ಡು ಕಳೆಯುವ ಮುಂಚೆ ಲೀಟರ್ ಎಣ್ಣೆಗೆ ಕಚ್ಚಾ ಮಾಲೇ 240 ರೂಪಾಯಿ ಆಯಿತು. ಇದರ ಎದುರಾಳಿ ಎಣ್ಣೆತಾಳೆ ಒಂದು ಎಕರೆಗೆ ಟನ್ನಿಗೂ ಮೀರಿ ಎಣ್ಣೆ ಕೊಡುತ್ತದೆ. ಎಕರೆಗೆ ನಾಲ್ಕು ಕ್ವಿಂಟಲ್ ಕಾಯಿ ಬೆಳೆದ ಮಳೆಯಾಶ್ರಿತ ಹೊಲ ಕೊಡುವುದು ನೂರಿಪ್ಪತ್ತು ಲೀಟರ್. 1986ರಲ್ಲಿ ಎಣ್ಣೆಬೀಜಗಳ ತಾಂತ್ರಿಕ ಆಂದೋಲನ ಶುರುವಾಗಿ ಕೆಲ ವರ್ಷ ದೇಶ ಎಣ್ಣೆಯಲ್ಲಿ ಬಹುಪಾಲು ತನ್ನ ಕಾಲ ಮೇಲೆ ನಿಂತಿತು. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಇವತ್ತು ನಾವು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಕಡ್ಲೆಕಾಯಿ ಸೀಮೆಯ ಅಂಗಡಿಗಳಲ್ಲೇ ಇಂಡೊನೇಷ್ಯಾ, ಮಲೇಷ್ಯಾದ ತಾಳೆಯ ಪಾಕೀಟು ನೇತಾಡುತ್ತದೆ.

ಗಾಣದ ಎಣ್ಣೆಗೆ ಈಗ ಪೇಟೆಯಲ್ಲಿ ಮರ್ಯಾದೆ ಬಂದಿದೆ. ರುಚಿಗೆ ನನ್ನ ಓಟೂ ಅದಕ್ಕೇ. ಆದರೆ ರಿಫೈನರಿಯ ಕ್ಷಾರ ಮತ್ತು ಬಿಳುಪು ಮಣ್ಣು ಅಫ್ಲಾಟಾಕ್ಸಿನ್ನನ್ನು ತೆಗೆದುಹಾಕುತ್ತವೆ, ಗಾಣ ತೆಗೆಯುವುದಿಲ್ಲ. ಗಾಣದ ಎಣ್ಣೆ ಎಷ್ಟು ಶುದ್ಧ ಎಂಬುದನ್ನು ಗಾಣ ಹೇಳುವುದಿಲ್ಲ, ಬೀಜ ಹೇಳಬೇಕು. ವಿಷದ ಬಹುಪಾಲು ಉಳಿಯುವುದು ಹಿಂಡಿಯಲ್ಲಿ, ಹಿಂಡಿ ಹಸುವಿಗೆ, ಹಸುವಿನ ಯಕೃತ್ತು ಅದನ್ನು ಕೊಂಚ ಮಾರ್ಪಡಿಸಿ ಎಂ1 ಎಂಬ ರೂಪದಲ್ಲಿ ಹಾಲಿಗೆ ಬಿಡುತ್ತದೆ. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯ 6,432 ಮಾದರಿಗಳಲ್ಲಿ ಶೇ. 5.7ರಲ್ಲಿ ಅದು ಮೇರೆ ಮೀರಿತ್ತು. ಬೀಜವನ್ನು ತಿರಸ್ಕರಿಸಿ ಎಸೆದೆವು ಎಂದುಕೊಂಡರೂ ಅದು ಕಪಾಟಿನ ಇನ್ನೊಂದು ಸಾಲಿನಲ್ಲಿ, ತಣ್ಣಗೆ, ಬಿಳಿಯಾಗಿ ಬಂದು ಕೂರಬಹುದು.

ಇನ್ನೊಂದು ಕವಲು ಪೊಟ್ಟಣಕ್ಕೆ. ತುಮಕೂರಿನ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಫುಡ್ ಪಾರ್ಕ್‌ನಂಥವು ಹುಟ್ಟಿದ್ದು ಇಂಥ ಕೆಲಸ ಊರಿನ ಹತ್ತಿರವೇ ಆಗಲಿ ಎಂದು. ಹುರಿದಾಗ ಬೀಜದ ತೇವ ಶೇ. 2ಕ್ಕೆ ಇಳಿಯುತ್ತದೆ. ಬೂಷ್ಟು ಇನ್ನು ಹತ್ತಿರ ಸುಳಿಯುವುದಿಲ್ಲ. ಆದರೆ ಈಗ ಶತ್ರು ಬೇರೆ. ತೀರ ಒಣಗಿದ ಬೀಜದ ಎಣ್ಣೆಗೆ ಗಾಳಿಯ ಆಮ್ಲಜನಕ ಸುಲಭವಾಗಿ ತಾಕಿ ಕಮಟು ಹಿಡಿಸುತ್ತದೆ. ಅದಕ್ಕೇ ಪೊಟ್ಟಣದೊಳಗೆ ಗಾಳಿಯ ಬದಲು ನೈಟ್ರೋಜನ್, ಹೊರಗೆ ಅಲ್ಯುಮಿನಿಯಂ ಸವರಿದ ಹಾಳೆ. ಆ ಸವರಿಕೆಯ ದಪ್ಪ ತಲೆಗೂದಲಿನ ಸಾವಿರದ ಒಂದು ಪಾಲು. ಅಷ್ಟೇ ಸಾಕು, ಬೆಳಕೂ ತೇವವೂ ಗಾಳಿಯೂ ಹೊರಗೆ ನಿಲ್ಲುತ್ತವೆ.

ಕಪಾಟು ಹೊಲಕ್ಕೆ ಅಪ್ಪಣೆ ಕೊಡುವುದೂ ಇಲ್ಲಿಂದಲೇ. ಕಡ್ಲೆ ಎಣ್ಣೆಯಲ್ಲಿ ಓಲಿಯಿಕ್, ಲಿನೋಲಿಯಿಕ್ ಎಂಬ ಎರಡು ಆಮ್ಲಗಳು ಮುಖ್ಯ. ಎರಡನೆಯದು ಮೊದಲನೆಯದಕ್ಕಿಂತ ಹತ್ತು ಪಟ್ಟು ಬೇಗ ಕಮಟಾಗುತ್ತದೆ. ಟಿಎಂವಿ-2ರಲ್ಲಿ ಇವೆರಡೂ ಹೆಚ್ಚುಕಡಿಮೆ ಸಮ. 2020ರ ಸುಮಾರಿಗೆ ಬಂದ ಗಿರ್ನಾರ್ 4, ಗಿರ್ನಾರ್ 5 ತಳಿಗಳಲ್ಲಿ ಓಲಿಯಿಕ್ ಶೇ. 80ರ ಹತ್ತಿರ. ಈ ಗುಣ ರೈತನ ಇಳುವರಿಗೆ ಏನೂ ಸೇರಿಸುವುದಿಲ್ಲ. ಪೊಟ್ಟಣ ಕೊಕ್ಕೆಗೆ ನೇತಾಡುವ ತಿಂಗಳುಗಳನ್ನು ಹೆಚ್ಚಿಸುತ್ತದೆ. ಹೆಚ್ಚಿದ ತಿಂಗಳುಗಳ ದುಡ್ಡಿನಲ್ಲಿ ಹೊಲಕ್ಕೆ ಪಾಲು ಬಂದರೆ ತಳಿ ಹರಡುತ್ತದೆ, ಇಲ್ಲವಾದರೆ ಇಲ್ಲ. ಪೊಟ್ಟಣದ ಬೆನ್ನಿನ ಬಾರ್‌ಕೋಡ್ 890 ಎಂದು ಶುರುವಾಗುತ್ತದೆ. ಅದು ಭಾರತದಲ್ಲಿ ನೋಂದಾಯಿಸಿದ ಕಂಪನಿ ಎಂದಷ್ಟೇ ಹೇಳುತ್ತದೆ. ಬೀಜ ಯಾವ ಹೊಲದ್ದು, ಕಿತ್ತ ದಿನ ಮಳೆ ಬಂದಿತ್ತೇ, ಒಡೆಯುವಾಗ ನೀರು ಚಿಮುಕಿಸಿದರೇ, ಇವು ಯಾವುವೂ ಆ ಗೆರೆಗಳಲ್ಲಿಲ್ಲ.

ಒಂದು ಮಾತು ಪಕ್ಕಕ್ಕೆ. ಪಾವಗಡದ ತಿರುಮಣಿಯ ಸುತ್ತ ಐದು ಊರುಗಳ 13,000 ಎಕರೆಯಲ್ಲಿ ಈಗ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಒಂದು ಕಾಲಕ್ಕೆ ಕಡ್ಲೆಕಾಯಿ ಬಿತ್ತುತ್ತಿದ್ದ ನೆಲವೂ ಅದರಲ್ಲಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಯಿಂದ ಶುರುವಾದ ಕರಾರು. ನಾಲ್ಕು ಕ್ವಿಂಟಲ್ ಕಾಯಿಯ ಮೇಲಿನ ಲೆಕ್ಕಕ್ಕೆ ಬೀಜ, ಗೊಬ್ಬರ, ಕೂಲಿ ಕಳೆದು ನೋಡಿ, ಜನ ಯಾಕೆ ಒಪ್ಪಿದರು ಎಂದು ಕೇಳಬೇಕಾಗಿಲ್ಲ. ಮಳೆ ಬೇಡದ ಬೆಳೆ.

ಮುಂದಿನ ಬೇಸಿಗೆಯಲ್ಲಿ ಬರಗೂರಿಗೆ ಮತ್ತೆ ಹೋದಾಗ ಬೆಂಗಳೂರಿನಿಂದ ಒಂದು ಪೊಟ್ಟಣ ಒಯ್ದಿದ್ದೆ. ಯಜಮಾನರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಒಣಗೈತೆ ಬಿಡು" ಅಂದರು. ಹರಿದು ನಾಲ್ಕು ಬೀಜ ಬಾಯಿಗೆ ಹಾಕಿಕೊಂಡರು. ಹಿಂದೆ ಬರೆದಿದ್ದ ತಾರೀಖು ತೋರಿಸಿ, ಆರು ತಿಂಗಳು ಕೆಡುವುದಿಲ್ಲವಂತೆ ಎಂದೆ. ಅವರು ಎದ್ದು ಒಳಗೆ ಹೋಗಿ ಅಟ್ಟದ ಮೇಲಿನ ಮೂಟೆಯಿಂದ ಒಂದು ಬೊಗಸೆ ತಂದರು. ಕಾರ್ತಿಕದ್ದೇ ಕಾಯಿ, ಬಿತ್ತನೆಗೆ ಎತ್ತಿಟ್ಟದ್ದು, ಸಿಪ್ಪೆ ಸಮೇತ. ಒಂದನ್ನು ಒಡೆದು ಕೊಟ್ಟರು. ಬೀಜದ ಕೆಂಪು ಸಿಪ್ಪೆ ಹೊಸದರಂತೆ ಬಿಗಿಯಾಗಿತ್ತು.

"ಈಗ್ಲೇ ಯಾಕೆ ಸುಲಿದಿಟ್ಟಿಲ್ಲ?" ಎಂದು ಕೇಳಿದೆ.

"ಮಳೆ ಬಿದ್ದ ಮ್ಯಾಲೆ ಸುಲಿಯೋದು ಕಣಪ್ಪ" ಅಂದರು, ಉಳಿದವನ್ನು ಮೂಟೆಗೆ ಸುರಿಯುತ್ತ.